ಹುಣಸೆಬೀಜವೂ ಹಣವೇ



ಫಾಲ್ಗುಣ ಬಂತೆಂದರೆ ತುಮಕೂರು, ಕೋಲಾರ, ಚಿತ್ರದುರ್ಗದ ಕಡೆಯ ಹಳ್ಳಿಗಳ ಜಗಲಿಗಳ ಮೇಲೆ ಹುಣಸೆ ಕುಟ್ಟುವ ಸದ್ದು ಕೇಳುತ್ತದೆ. ಹುಳಿಗೆ ಬೆರಳು ಒಡೆದರೂ ಅಕ್ಕತಂಗಿಯರು ಬೀಜ ಬಿಡಿಸುತ್ತಾರೆ. ಹಣ್ಣನ್ನು ತೂಗಿ ಮಾರುತ್ತೀರಿ. ಬೀಜವನ್ನೇನು ಮಾಡುತ್ತೀರಿ? ನಾಲ್ಕು ಮಕ್ಕಳ ಚೌಕಾಬಾರಕ್ಕೆ. ಉಳಿದದ್ದು ತಿಪ್ಪೆಗೆ, ಇಲ್ಲವೆ ಬಂದವನು ಕೇಳಿದ ಬೆಲೆಗೆ. ಇಡೀ ಕಾಯಿಯ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೀಜವೇ. ಅಷ್ಟನ್ನೂ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಬೀಜದ ಬೆಲೆ ಅದರ ಗುಣದಲ್ಲಿದೆ. ಕಂದು ಹೊಟ್ಟಿನೊಳಗಿನ ಬಿಳಿಯ ಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಂಟಿನ ಪದಾರ್ಥವಿದೆ. ಬೇಳೆಯ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಕುದಿಸಿದರೆ ಗಟ್ಟಿ ಗಂಜಿಯಾಗುತ್ತದೆ. ಅದನ್ನು ಬಳಿದ ನೂಲು ಮಗ್ಗದಲ್ಲಿ ಸುಲಭವಾಗಿ ಹರಿಯದು. ಚಳ್ಳಕೆರೆಯ ಕಡೆ ಕಂಬಳಿ ನೇಯುವವರು ಇದನ್ನು ಹಿಂದಿನಿಂದಲೂ ಬಲ್ಲರು. ಹತ್ತಿ, ಸೆಣಬಿನ ಗಿರಣಿಗಳೂ ಇದನ್ನು ಬಳಸಿವೆ. ಹಣ್ಣಿನ ಜೆಲ್ಲಿ ಹೆಪ್ಪುಗಟ್ಟಲು ಸಾಮಾನ್ಯವಾಗಿ ಹುಳಿ ಬೇಕು. ಈ ಅಂಟು ಸಕ್ಕರೆಯೊಡನೆ ಹುಳಿಯಿಲ್ಲದೆಯೂ ಹೆಪ್ಪುಗಟ್ಟುತ್ತದೆ. ಜಪಾನಿನಲ್ಲಿ ಇದನ್ನು ಶುದ್ಧಗೊಳಿಸಿ ಸಾಸು, ಐಸ್‌ಕ್ರೀಮುಗಳಲ್ಲಿ ಬಳಸುತ್ತಾರೆ.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ಬೀಜವನ್ನು ತೊಳೆದು ಅಂಟಿದ ಹಣ್ಣನ್ನು ಬಿಡಿಸಿ. ನೀರಿನಲ್ಲಿ ತೇಲುವುದು ಹುಳುಕು, ಅದನ್ನು ತೆಗೆದುಹಾಕಿ. ಉಳಿದುದನ್ನು ಬಿಸಿಲಿಗೆ ಹರಡಿ ಗಲಗಲ ಎನ್ನುವಂತೆ ಒಣಗಿಸಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ.

ಎರಡನೆಯದಾಗಿ, ಬೇಳೆ ಮಾಡುವುದಾದರೆ ಬಿಸಿ ಮರಳಿನಲ್ಲಿ ಹದವಾಗಿ ಹುರಿದು ಕುಟ್ಟಿರಿ, ಹೊಟ್ಟು ಬಿಡುತ್ತದೆ. ಸೀಯಿಸಬೇಡಿ, ಹಿಟ್ಟಿನ ಬಣ್ಣ ಕೆಡುತ್ತದೆ, ಅಂಟೂ ಕುಗ್ಗುತ್ತದೆ. ಹೊಟ್ಟಿನಲ್ಲಿ ಚೊಗರು ಹೆಚ್ಚು. ಅದನ್ನು ದನಗಳ ತಿಂಡಿಗೆ ಬೆರೆಸಬೇಡಿ.

ಮೂರನೆಯದಾಗಿ, ಒಂಟಿಯಾಗಿ ಮಾರಬೇಡಿ. ಎರಡು ಸೇರು ಹಿಡಿದು ಹೋದರೆ ಬೆಲೆ ಹೇಳುವವನು ಕೊಳ್ಳುವವನೇ. ಹತ್ತು ಮನೆಯ ಬೀಜವನ್ನು ಸ್ತ್ರೀಶಕ್ತಿ ಸಂಘದಲ್ಲಿ ಕೂಡಿಸಿ, ಒಂದೇ ಹದದಲ್ಲಿ ಒಣಗಿಸಿ ಮೂಟೆ ಕಟ್ಟಿದರೆ ನಮ್ಮ ಮಾತಿಗೂ ತೂಕ ಬರುತ್ತದೆ.

ಯಂತ್ರಕ್ಕೆ ಸಾಲ ಮಾಡಲು ಅವಸರ ಬೇಡ. ಮೊದಲು ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳಿ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರ ಸಲಹೆಯನ್ನೂ ಕೇಳಿ.

ಈ ಸುಗ್ಗಿಯಲ್ಲಿ ಹಣ್ಣಿನ ಮೂಟೆಯ ಪಕ್ಕದಲ್ಲಿ ಬೀಜಕ್ಕೂ ಒಂದು ಚೀಲವಿರಲಿ. ಬೆರಳು ಒಡೆಯುವಂತೆ ದುಡಿದವರ ಕೈಗೆ ಬೀಜದ ಹಣವೂ ಸೇರಲಿ.