ಒಂದು ಸಾಲಿನ ಹೊಣೆ

ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದಿದ್ದೀರಿ ತಾನೆ? ‘ಮಾನ್ಯರೇ’ ಎಂದ ಮೇಲೆ ‘ವಿಷಯ:’ ಎಂದು ಒಂದು ಸಾಲು ಬರೆಯುತ್ತೀರಿ. ಇ-ಮೇಲ್‌ಗೂ ಅಂಥದೇ ಒಂದು ವಿಷಯ ಸಾಲು ಉಂಟು. ವ್ಯತ್ಯಾಸ ಇಷ್ಟೇ: ಮುಖ್ಯೋಪಾಧ್ಯಾಯರು ನಿಮ್ಮ ಪತ್ರವನ್ನು ಓದಲೇಬೇಕು. ಆದರೆ ಏನನ್ನೋ ಮಾರಲು ನೀವು ಕಳುಹಿಸುವ ಇ-ಮೇಲನ್ನು ಯಾರೂ ಓದಲೇಬೇಕೆಂದಿಲ್ಲ. ಆ ಒಂದು ಸಾಲನ್ನು ನೋಡಿಯೇ ತೆರೆಯುವುದೋ, ಅಳಿಸುವುದೋ ಎಂದು ತೀರ್ಮಾನಿಸುತ್ತಾರೆ.

ಈ ಬೇಸರ ಹೊಸದೇನೂ ಅಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥ್ಯೂರ್ಕ್ ಎಂಬವರು ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಆಹ್ವಾನಿಸಿ, ಆರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಸಂದೇಶ ಕಳುಹಿಸಿದರು. ಕೇಳದೆ ಬಂದ ಜಾಹೀರಾತೆಂದು ಹಲವರು ಸಿಟ್ಟಾದರು.

ಹಾಗಾದರೆ ಒಳ್ಳೆಯ ವಿಷಯ ಸಾಲು ಹೇಗಿರಬೇಕು? ಮೊಬೈಲಿನ ಪುಟ್ಟ ಪರದೆಯಲ್ಲಿ ಮೊದಲ ನಾಲ್ಕೈದು ಪದಗಳಷ್ಟೇ ಕಾಣುತ್ತವೆ. ನಮ್ಮ ಕನ್ನಡದಲ್ಲೋ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ‘ಬರುವ ಭಾನುವಾರ ಬೆಳಿಗ್ಗೆ ನಮ್ಮ ಕಾಲೇಜಿನ ಆವರಣದಲ್ಲಿ ಹಳೆಯ ಪುಸ್ತಕಗಳನ್ನು ಅರ್ಧ ಬೆಲೆಗೆ ಮಾರಲಾಗುವುದು’ ಎಂದು ಬರೆದರೆ ಮುಖ್ಯವಾದ ಸಂಗತಿಯೇ ಕತ್ತರಿಸಿಹೋಗುತ್ತದೆ. ‘ಅರ್ಧ ಬೆಲೆಗೆ ಪುಸ್ತಕ: ಭಾನುವಾರ, ಕಾಲೇಜಿನಲ್ಲಿ’ ಎಂದು ಬರೆದು ನೋಡಿ. ಓದುಗನಿಗೆ ದೊರೆಯುವ ಲಾಭ ಮೊದಲು, ವಿವರ ಆಮೇಲೆ.

ಎರಡು ಸಾಲುಗಳಲ್ಲಿ ಯಾವುದು ಉತ್ತಮವೆಂದು ಊಹಿಸಬೇಡಿ, ಪ್ರಯೋಗ ಮಾಡಿ. ಪ್ರಯೋಗಾಲಯದಲ್ಲಿ ಕಲಿತದ್ದೇ ಇಲ್ಲಿಯೂ ನಿಯಮ: ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದುದೆಲ್ಲ ಹಾಗೆಯೇ ಇರಲಿ. ಎರಡು ಸಣ್ಣ ಗುಂಪುಗಳಿಗೆ ಒಂದೊಂದು ಸಾಲು ಕಳುಹಿಸಿ, ಗೆದ್ದುದನ್ನು ಉಳಿದವರಿಗೆ ಕಳುಹಿಸಿ. 2012ರಲ್ಲಿ ಬರಾಕ್ ಒಬಾಮಾ ಅವರ ಚುನಾವಣಾ ತಂಡ ದೇಣಿಗೆ ಕೇಳುವಾಗ ಹೀಗೆಯೇ ಮಾಡಿತು. ಎದುರಾಳಿಗಳು ತನಗಿಂತ ಹೆಚ್ಚು ಖರ್ಚು ಮಾಡಲಿದ್ದಾರೆ ಎಂಬರ್ಥದ ಒಂದು ಸರಳ ಸಾಲಿನ ಇ-ಮೇಲ್ 26 ಲಕ್ಷ ಡಾಲರಿಗೂ ಹೆಚ್ಚು ಹಣ ತಂದಿತು. ಒಂದು ಎಚ್ಚರಿಕೆ: ಎಷ್ಟು ಮಂದಿ ತೆರೆದರು ಎಂಬ ಲೆಕ್ಕವನ್ನಷ್ಟೇ ನಂಬಬೇಡಿ. 2021ರಲ್ಲಿ ಆಪಲ್ ಕಂಪನಿ ತಂದ ಗೋಪ್ಯತಾ ವ್ಯವಸ್ಥೆಯಿಂದಾಗಿ, ಓದದ ಇ-ಮೇಲ್ ಕೂಡ ಓದಿದಂತೆ ಲೆಕ್ಕಕ್ಕೆ ಸೇರಬಹುದು. ಎಷ್ಟು ಮಂದಿ ಪುಸ್ತಕ ಕೊಂಡರು ಎಂದು ಎಣಿಸಿ.

ಇನ್ನು ಎಲ್ಲಕ್ಕಿಂತ ದೊಡ್ಡ ಮಾತು. ಕೆಲವು ವರ್ಷಗಳ ಹಿಂದೆ ವಿಜ್ಞಾನ ರಸಪ್ರಶ್ನೆಗೆ ಶಾಲೆಗಳನ್ನು ಆಹ್ವಾನಿಸುವಾಗ, ಬೇಗ ಓದಲೆಂದು ನಾನು ‘ತುರ್ತು’ ಎಂದು ಬರೆದೆ. ತುರ್ತೇನೂ ಇರಲಿಲ್ಲ. ಎಲ್ಲರೂ ತೆರೆದರು, ನಾನು ಹಿಗ್ಗಿದೆ. ಮುಂದೆ ಚಿತ್ರೀಕರಣದ ದಿನ ನಿಜವಾಗಿಯೂ ಬದಲಾಯಿತು. ಮತ್ತೆ ‘ತುರ್ತು’ ಎಂದು ಬರೆದೆ. ಒಂದು ಶಾಲೆಯವರು ಅದನ್ನು ತೆರೆಯಲೇ ಇಲ್ಲ. ಹಳೆಯ ದಿನಾಂಕದಂದೇ ಬಸ್ಸು ಹಿಡಿದು ಬಂದ ಮಕ್ಕಳು ಬೀಗ ಹಾಕಿದ ಸ್ಟುಡಿಯೋದ ಮುಂದೆ ನಿಂತಿದ್ದರು. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗ ನಾನೇ ಆಗಿದ್ದೆ.

ಇದಕ್ಕಿಂತ ಘೋರವಾದ ಸುಳ್ಳುಗಳೂ ಇವೆ. 2000ದ ಮೇ ತಿಂಗಳಲ್ಲಿ ‘ಐಲವ್‌ಯು’ ಎಂಬ ವಿಷಯ ಸಾಲನ್ನು ನಂಬಿ ತೆರೆದವರಿಂದ ಲಕ್ಷಾಂತರ ಕಂಪ್ಯೂಟರುಗಳಿಗೆ ವೈರಸ್ ಹರಡಿತು. ಮೋಸದ ವಿಷಯ ಸಾಲನ್ನು ಅಮೆರಿಕ 2003ರ ಕಾನೂನಿನಲ್ಲಿ ನಿಷೇಧಿಸಿತು. ಆದರೆ ಕಾನೂನಿಗೆ ಅಂಜಿ ಸತ್ಯ ಬರೆಯುವುದಕ್ಕಿಂತ, ಓದುವವರ ಸಮಯಕ್ಕೆ ಬೆಲೆ ಕೊಟ್ಟು ಬರೆಯುವುದು ಮೇಲು.

ನಾಳೆ ನಿಮ್ಮ ಕಾಲೇಜಿನ ನಾಟಕಕ್ಕೋ, ಪುಸ್ತಕ ಮಾರಾಟಕ್ಕೋ ಜನರನ್ನು ಕರೆಯುವ ಕೆಲಸ ನಿಮ್ಮ ಪಾಲಿಗೆ ಬರಬಹುದು. ಆಗ ಮೊದಲು ಪತ್ರ ಬರೆಯಿರಿ, ಕೊನೆಗೆ ವಿಷಯ ಸಾಲು ಬರೆಯಿರಿ. ಬರೆದ ಮೇಲೆ ಕೇಳಿಕೊಳ್ಳಿ: ಈ ಸಾಲು ಕೊಟ್ಟ ಮಾತನ್ನು ಒಳಗಿನ ಪತ್ರ ಉಳಿಸಿಕೊಳ್ಳುತ್ತದೆಯೇ? ಹೌದು ಎಂದಾದರೆ ಮಾತ್ರ ಕಳುಹಿಸಿ.