ತಪ್ಪೈತಿ, ಮತ್ತ ಬರಿ
(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆದಾಗ, 'ನೀ ಸಾಫ್ಟ್‌ವೇರ್ ಎಂಜಿನಿಯರ್ ಅದಿ, ನಿನ್ನ ಅನುಭವ ಹೇಳಪಾ' ಅಂದರು. ಕಂಪ್ಯೂಟರ್ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ನಿಮ್ಮ ಮೊಬೈಲಿನಲ್ಲೇ ಸಿಗುತ್ತಾರೆ. ಅದಕ್ಕೆ ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಚೀನಾದ ಒಂದು ಊರಿಗೆ ಇಂಗ್ಲಿಷ್ ಕಲಿಸಲು ಹೋದ ಒಬ್ಬ ಪರದೇಶಿ ಮಾಸ್ತರರ ಕಥೆ ಅದು. ಚೀನಾಕ್ಕೂ ನಮ್ಮ ಶಾಲೆಗೂ ಏನು ಸಂಬಂಧ ಅನ್ನಬೇಡಿ. ಕೊನೆಗೆ ಅದು ಇಲ್ಲಿಗೇ ಬಂದು ನಿಲ್ಲುತ್ತದೆ.

2018ರಲ್ಲಿ ಕಂಪನಿ ನನ್ನನ್ನು ನಾಲ್ಕು ತಿಂಗಳ ಕೆಲಸಕ್ಕೆ ಚೀನಾದ ಚೆಂಗ್ಡು ನಗರಕ್ಕೆ ಕಳಿಸಿತು. ಅದು ಸಿಚುವಾನ್ ಪ್ರಾಂತ್ಯದ ರಾಜಧಾನಿ. ಅಲ್ಲಿನ ಅಡುಗೆಗೆ ಹಾಕುವ ಒಂದು ಬಗೆಯ ಮೆಣಸು ಖಾರಕ್ಕಿಂತ ಹೆಚ್ಚಾಗಿ ನಾಲಿಗೆಯನ್ನು ಜೋಮು ಹಿಡಿಸುತ್ತದೆ. ಸಸ್ಯಾಹಾರಿಯಾದ ನಾನು ಮೊದಲ ಎರಡು ವಾರ ಅನ್ನ, ಸೊಪ್ಪು ಮತ್ತು ನಮ್ಮವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಮೇಲೆ ಬದುಕಿದೆ. ಭಾಷೆ ಬಾರದು. ಅಂಗಡಿಗೆ ಹೋದರೆ ಮೂಕನ ಹಾಗೆ ಕೈ ತೋರಿಸಬೇಕು. ನನ್ನ ಪಾಡು ನೋಡಿ ಆಫೀಸಿನ ಚೀನೀ ಸಹೋದ್ಯೋಗಿಯೊಬ್ಬ ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟ. ಅದರ ಹೆಸರು 'ರಿವರ್ ಟೌನ್'. ಬರೆದವರು ಪೀಟರ್ ಹೆಸ್ಲರ್, ಅಮೆರಿಕದವರು. ಪ್ರಕಟವಾದದ್ದು 2001ರಲ್ಲಿ. 'ನಮ್ಮ ಕಡೆಯವರನ್ನು ಇವನಷ್ಟು ಸರಿಯಾಗಿ ನಾವೇ ಬರೆದಿಲ್ಲ' ಅಂದ.

ಅಮೆರಿಕದ ಸರ್ಕಾರ ತನ್ನ ಯುವಕರನ್ನು ಬೇರೆ ದೇಶಗಳಿಗೆ ಸ್ವಯಂಸೇವಕರಾಗಿ ಕಳಿಸುವ ಪೀಸ್ ಕೋರ್ ಎಂಬ ಸಂಸ್ಥೆ ಇದೆ. 1961ರಿಂದ 1976ರವರೆಗೆ ಅವರು ಭಾರತಕ್ಕೂ ಬರುತ್ತಿದ್ದರು. ಇಲ್ಲಿರುವ ಹಿರಿಯರಲ್ಲಿ ಯಾರಾದರೂ ನೋಡಿರಬಹುದು. ಚೀನಾಕ್ಕೆ ಅವರು ಹೋದದ್ದು 1993ರಲ್ಲಿ. ಆದರೆ ಮಾವೋ ಕಾಲದಲ್ಲಿ ಪೀಸ್ ಕೋರ್ ಎಂದರೆ ಬೈಗುಳವೇ ಆಗಿತ್ತು. ಹಾಗಾಗಿ ಚೀನಾದಲ್ಲಿ ಆ ಹೆಸರು ಬಿಟ್ಟು 'ಅಮೆರಿಕ–ಚೀನಾ ಸ್ನೇಹದ ಸ್ವಯಂಸೇವಕರು' ಎಂದು ಕರೆದರು. ಹಾಗೆ ಹೋದವರಲ್ಲಿ ಹೆಸ್ಲರ್ ಒಬ್ಬರು. 1996ರ ಆಗಸ್ಟ್ ಕೊನೆಗೆ ಚೋಂಗ್‌ಚಿಂಗ್‌ನಿಂದ ಯಾಂಗ್ತ್ಸೆ ನದಿಯ ಮೇಲೆ ದೋಣಿಯಲ್ಲಿ ಕೂತು ಫೂಲಿಂಗ್ ಎಂಬ ಊರಿಗೆ ಬಂದಿಳಿದರು. ಆಗ ಆ ಊರಿಗೆ ರೈಲಿಲ್ಲ, ಹೆದ್ದಾರಿಯೂ ಇಲ್ಲ. ಎಲ್ಲಿಗೆ ಹೋಗಬೇಕಾದರೂ ದೋಣಿ ಬೇಕು. ಅರ್ಧ ಶತಮಾನದಿಂದ ಆ ಊರಿನಲ್ಲಿ ಒಬ್ಬ ಅಮೆರಿಕದವನೂ ವಾಸ ಮಾಡಿರಲಿಲ್ಲ. ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಸಾಹಿತ್ಯ ಕಲಿಸುವುದು ಅವರ ಕೆಲಸ. ಅವರ ಜೊತೆ ಇನ್ನೊಬ್ಬ ಅಮೆರಿಕದ ಮಾಸ್ತರರೂ ಇದ್ದರು.

ಆ ಊರು ಬೆಟ್ಟದ ಇಳಿಜಾರಿನ ಮೇಲಿದೆ. ಎಲ್ಲಿ ನೋಡಿದರೂ ಮೆಟ್ಟಿಲು. ಸಾಮಾನೆಲ್ಲ ಬಿದಿರಿನ ಅಡ್ಡೆಯಲ್ಲಿ ಹೊತ್ತು ಹತ್ತುವ ಹಮಾಲರು. ಕಲ್ಲಿದ್ದಲ ಹೊಗೆ, ದೋಣಿಗಳ ಹಾರ್ನು, ಕಾರುಗಳ ಹಾರ್ನು, ಕಾಲೇಜಿನ ಧ್ವನಿವರ್ಧಕ. ಹೆಸ್ಲರ್ ಬೀದಿಗೆ ಇಳಿದರೆ ಜನ ಸುತ್ತುವರಿದು ನಿಲ್ಲುವರು. 'ಪರದೇಶಿ, ಪರದೇಶಿ' ಎಂದು ಕೂಗುವರು. 'ಹಲೋ' ಎಂದು ಉದ್ದಕ್ಕೆ ಎಳೆದು ಅಣಕಿಸುವರು. ನಮ್ಮ ಊರಿಗೆ ವಿದೇಶಿಯರು ಬಂದಾಗ ನಾವು ಮಾಡಿದ್ದೂ ಅದನ್ನೇ ತಾನೇ? ಅವರು ದಿನಾ ಬೆಟ್ಟಗಳ ನಡುವೆ ಓಡುತ್ತಿದ್ದರು. ಹೊಲದಲ್ಲಿದ್ದ ರೈತರಿಗೆ, ಯಾರೂ ಬೆನ್ನಟ್ಟದಿದ್ದರೂ ಇವನು ಯಾಕೆ ಓಡುತ್ತಾನೆ ಎಂದು ಆಶ್ಚರ್ಯ. ಊರಿನ ಓಟದ ಸ್ಪರ್ಧೆಯಲ್ಲಿ ಗೆದ್ದೂ ಬಿಟ್ಟರು. ಪರದೇಶಿ ಗೆದ್ದದ್ದು ಎಲ್ಲರಿಗೂ ಖುಷಿ ಕೊಡಲಿಲ್ಲ. ಬೇಸಿಗೆ ರಜೆಯಲ್ಲಿ ಷಿಯಾನ್ ನಗರಕ್ಕೆ ಹೋಗಿ ಚೀನೀ ಭಾಷೆ ಓದಿದರು, ಅಲ್ಲಿಂದ ರೈಲಿನಲ್ಲಿ ದೂರದ ಷಿನ್‌ಜಿಯಾಂಗ್ ಮರುಭೂಮಿಯ ಕಡೆ ಹೋಗಿ ಬಂದರು. ಅವರು ಅಲ್ಲಿದ್ದಾಗಲೇ, 1997ರ ಫೆಬ್ರುವರಿಯಲ್ಲಿ ಡೆಂಗ್ ಷಿಯಾವೊಪಿಂಗ್ ತೀರಿಕೊಂಡರು. ಜುಲೈ 1ಕ್ಕೆ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿತು. ಇದೆಲ್ಲ ಪುಸ್ತಕದಲ್ಲಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಸಂಗತಿ.

ಮೊದಲನೆಯದು ಅವರ ವಿದ್ಯಾರ್ಥಿಗಳು. ಹೆಚ್ಚಿನವರು ಹಳ್ಳಿಯ ರೈತರ ಮಕ್ಕಳು. ಎಷ್ಟೋ ಜನರ ತಂದೆತಾಯಿಗೆ ಓದು ಬರಹ ಬಾರದು. ಅವರು ಹಳ್ಳಿ ಶಾಲೆಯಲ್ಲಿ ಬಾಯಿಪಾಠ ಮಾಡಿ ಇಂಗ್ಲಿಷ್ ಕಲಿತವರು, ಇಂಗ್ಲಿಷ್ ಮಾತಾಡುವ ಮನುಷ್ಯನನ್ನು ಎದುರಿಗೆ ನೋಡಿದ್ದು ಅದೇ ಮೊದಲು. ಅಂಥವರಿಂದ ಹೆಸ್ಲರ್ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಓದಿಸಿದರು, ತರಗತಿಯಲ್ಲೇ ನಾಟಕ ಆಡಿಸಿದರು. ಓದು ಮುಗಿದ ಮೇಲೆ ಆ ಹುಡುಗ ಹುಡುಗಿಯರಲ್ಲಿ ಬಹಳ ಜನ ತಮ್ಮ ಕಡೆಯ ಹಳ್ಳಿ, ಸಣ್ಣ ಊರುಗಳ ಶಾಲೆಗಳಲ್ಲಿ ಇಂಗ್ಲಿಷ್ ಮಾಸ್ತರರಾದರು.

ಎರಡನೆಯದು, ಮಾಸ್ತರರೇ ವಿದ್ಯಾರ್ಥಿಯಾದದ್ದು. ಹೆಸ್ಲರ್ ಬಂದಾಗ ಅವರಿಗೆ ಚೀನೀ ಭಾಷೆ ಅಷ್ಟಕ್ಕಷ್ಟೆ. ಒಂದೇ ಅಕ್ಷರವನ್ನು ನಾಲ್ಕು ರಾಗದಲ್ಲಿ ಹೇಳಿದರೆ ನಾಲ್ಕು ಅರ್ಥ ಆಗುವ ಭಾಷೆ ಅದು. ಕಾಲೇಜಿನ ಇಬ್ಬರು ಅಧ್ಯಾಪಕರು ಅವರಿಗೆ ಪಾಠ ಶುರು ಮಾಡಿದರು. ಅವರಲ್ಲಿ ಒಬ್ಬ ಅಧ್ಯಾಪಕಿ ಬಹಳ ಕಟ್ಟುನಿಟ್ಟು. ಹೆಸ್ಲರ್ ಓದುವಾಗ ಸ್ವರ ಸ್ವಲ್ಪ ತಪ್ಪಿದರೂ 'ಬೂ ದ್ವೇ' ಅನ್ನುವರು. ಹಾಗೆಂದರೆ 'ಸರಿಯಿಲ್ಲ, ತಪ್ಪು'. ಅಮೆರಿಕದಲ್ಲಿ ಮಗು ತಪ್ಪು ಮಾಡಿದರೂ ಮೊದಲು ಬೆನ್ನು ತಟ್ಟಿ ಆಮೇಲೆ ತಿದ್ದುತ್ತಾರಂತೆ. ಇಲ್ಲಿ ಬೆನ್ನು ತಟ್ಟುವ ಮಾತೇ ಇಲ್ಲ. ಬೂ ದ್ವೇ, ಬೂ ದ್ವೇ. ಅವರಿಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ಹಗಲು ರಾತ್ರಿ ಕೂತು ಅಕ್ಷರ ಕಲಿತರು.

ಚೀನಾದಲ್ಲಿ ಅವರಿಗೆ 'ಹೊ ವೇ' ಎಂಬ ಹೆಸರಿಟ್ಟಿದ್ದರು. ಈ ಹೊ ವೇ ಬೇರೆಯೇ ಮನುಷ್ಯ ಎಂದು ಅವರು ಬರೆಯುತ್ತಾರೆ. ಪೀಟರ್ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿದವನು, ಬುದ್ಧಿವಂತ. ಹೊ ವೇ ದಡ್ಡ. ಅವನಿಗೆ ಮಾತು ತೊದಲುತ್ತದೆ, ಜನ ನಗುತ್ತಾರೆ, ಅವನೂ ನಗುತ್ತಾನೆ. ಆದರೆ ದಡ್ಡನಾದ್ದರಿಂದಲೇ ಜನ ಅವನ ಹತ್ತಿರ ಕೂತು ಬಿಚ್ಚು ಮನಸ್ಸಿನಿಂದ ಮಾತಾಡುತ್ತಾರೆ. ನೂಡಲ್ಸ್ ಅಂಗಡಿಯ ಸಂಸಾರ ಅವನನ್ನು ಮನೆಯವನ ಹಾಗೆ ನೋಡಿಕೊಳ್ಳುತ್ತದೆ. ಊರನ್ನು ಅರ್ಥ ಮಾಡಿಕೊಂಡದ್ದು ಬುದ್ಧಿವಂತ ಪೀಟರ್ ಅಲ್ಲ, ದಡ್ಡ ಹೊ ವೇ.

ಈ ಭಾಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

ನಾನು ಇಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. 2004ರಲ್ಲಿ ಎಸ್ಸೆಸ್ಸೆಲ್ಸಿ. ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಗುರುಗಳು ಯಾರೆಂದು ನನ್ನ ಬ್ಯಾಚಿನವರಿಗೆ ಹೇಳಬೇಕಾಗಿಲ್ಲ. ಕೆಂಪು ಮಸಿಯ ಪೆನ್ನು ಎಂದರೆ ಸಾಕು. ಅವರು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ನೋಟ್‌ಬುಕ್ ನೋಡಿ, 'ತಪ್ಪೈತಿ, ಮತ್ತ ಬರಿ' ಎಂದು ವಾಪಸ್ ಕೊಡುವರು. ಮತ್ತೆ ಬರೆದು ಒಯ್ದರೆ ಮತ್ತೆ 'ತಪ್ಪೈತಿ'. ಸರಿಯಾದಾಗ ಶಹಬ್ಬಾಸ್ ಇಲ್ಲ. 'ಹೂಂ, ಮುಂದಿಂದು ಬರಿ' ಅಷ್ಟೆ. ನಾವು ಬೆನ್ನ ಹಿಂದೆ ಅವರಿಗೆ 'ತಪ್ಪೈತಿ ಸರ್' ಎಂದೇ ಹೆಸರಿಟ್ಟಿದ್ದೆವು.

2006ರಲ್ಲಿ ಎಂಜಿನಿಯರಿಂಗ್ ಸೇರಿದೆ. ಮೊದಲ ದಿನ ಎಲ್ಲರೂ ಎದ್ದು ನಿಂತು ತಮ್ಮ ಪರಿಚಯ ಹೇಳಬೇಕಿತ್ತು. ನನ್ನ ಸರದಿ ಬಂದಾಗ ಹೆಸರು ಮತ್ತು ಊರು ಹೇಳಿದೆ, ಮೂರನೆಯ ವಾಕ್ಯ ಬಾಯಿಂದ ಹೊರಡಲಿಲ್ಲ. ಹಿಂದಿನ ಬೆಂಚಿನಲ್ಲಿ ನಕ್ಕರು. ಇಲ್ಲಿ ಗಣಿತದಲ್ಲಿ ಮುಂದಿದ್ದವನು ಅಲ್ಲಿ ದಡ್ಡನಾಗಿದ್ದೆ. ಆ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋದವು. ಓದು ಬಿಟ್ಟು ಬರೋಣ ಅನಿಸಿತು. ಅಪ್ಪನಿಗೆ ಹೇಳುವ ಧೈರ್ಯ ಇರಲಿಲ್ಲ. ಅಂಚೆ ಕಚೇರಿಗೆ ಹೋಗಿ ಒಂದು ಇನ್‌ಲ್ಯಾಂಡ್ ಪತ್ರ ತಂದು ಗುರುಗಳಿಗೆ ಬರೆದೆ. ಇಂಗ್ಲಿಷಿನಲ್ಲೇ ಬರೆದೆ, ಅವರಿಗೆ ಸಂತೋಷವಾಗಲಿ ಎಂದು.

ಎಂಟು ದಿನಕ್ಕೆ ಒಂದು ಲಕೋಟೆ ಬಂತು. ಒಳಗೆ ನನ್ನದೇ ಪತ್ರ ಇತ್ತು. ಕೆಂಪು ಮಸಿಯಲ್ಲಿ ಹನ್ನೊಂದು ತಪ್ಪು ತಿದ್ದಿದ್ದರು. ಕೆಳಗೆ ಕನ್ನಡದಲ್ಲಿ ಎರಡೇ ಸಾಲು: 'ಓದು ಬಿಡಬ್ಯಾಡ. ಮತ್ತ ಬರಿ.'

ನನಗೆ ಎಷ್ಟು ಅವಮಾನ ಆಯಿತೆಂದರೆ, ನಾನು ಅಳುತ್ತಾ ಬರೆದರೆ ಇವರು ವ್ಯಾಕರಣ ನೋಡುತ್ತಾರಲ್ಲ ಎಂದು ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ಓದು ಬಿಡಲಿಲ್ಲ. ಆದರೆ ಮತ್ತೆ ಬರೆಯಲೂ ಇಲ್ಲ. ಬಿಇ ಮುಗಿಯಿತು, ಕೆಲಸ ಸಿಕ್ಕಿತು, ಬೆಂಗಳೂರು, ಮದುವೆ. ಊರಿಗೆ ಬಂದಾಗ 'ಹೋಗಿ ಭೇಟಿಯಾಗಬೇಕು' ಅಂದುಕೊಳ್ಳುವುದು, ವಾಪಸ್ ಬಸ್ ಹತ್ತುವುದು. 2015ರಲ್ಲಿ ಗುರುಗಳು ತೀರಿಕೊಂಡರು. ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ.

'ಮತ್ತ ಬರಿ' ಅಂದರೆ ಏನರ್ಥ ಎಂದು ನನಗೆ ಹೊಳೆದದ್ದು ಚೆಂಗ್ಡುವಿನಲ್ಲಿ ಕೂತು ಹೆಸ್ಲರ್ ಓದುವಾಗ. ತಪ್ಪನ್ನು ತಿದ್ದಿ ಮತ್ತೆ ಬರಿ ಎಂದಷ್ಟೇ ನಾನು ತಿಳಿದಿದ್ದೆ. ನನಗೆ ಇನ್ನೊಂದು ಪತ್ರ ಬರಿ ಎಂದೂ ಅದಕ್ಕೆ ಅರ್ಥ ಇತ್ತು. ಅವರು ನನ್ನ ಉತ್ತರಕ್ಕಾಗಿ ಕಾದಿರಬೇಕು.

ಹೆಸ್ಲರ್ ಅವರ ವಿದ್ಯಾರ್ಥಿಗಳು ಮಾತ್ರ ಬರೆದರು. ಹಳ್ಳಿಯ ಶಾಲೆಗಳಿಂದ, ಕೆಲಸ ಹುಡುಕಿ ಹೋದ ದೂರದ ನಗರಗಳಿಂದ ಬರೆದರು. ತಪ್ಪಿದ್ದ ಇಂಗ್ಲಿಷಿನಲ್ಲೇ ಬರೆದರು. ಇಪ್ಪತ್ತು ವರ್ಷ ದಾಟಿದರೂ ಸಂಪರ್ಕ ಉಳಿಯಿತು. ನಾನು ಅಲ್ಲಿಂದ ಬಂದ ಮರುವರ್ಷ, 2019ರಲ್ಲಿ, ಹೆಸ್ಲರ್ ಮತ್ತೆ ಕಲಿಸಲು ಅದೇ ಚೆಂಗ್ಡುವಿಗೆ ಬಂದರು. ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿನ ಸರ್ಕಾರಿ ಶಾಲೆಗೇ ಸೇರಿಸಿದರು. 2021ರವರೆಗೆ ಅಲ್ಲಿದ್ದರು. ಹಳೆಯ ಮತ್ತು ಹೊಸ ವಿದ್ಯಾರ್ಥಿಗಳನ್ನು ಅಕ್ಕಪಕ್ಕ ಇಟ್ಟು ಬರೆದ ಪುಸ್ತಕ 2024ರಲ್ಲಿ ಬಂದಿದೆ. ಹಳೆಯವರು ಅಣ್ಣತಮ್ಮಂದಿರ ನಡುವೆ ಹಳ್ಳಿಯಲ್ಲಿ ಬೆಳೆದವರು. ಹೊಸಬರು ಮನೆಗೊಬ್ಬರೇ ಮಕ್ಕಳು, ಪೇಟೆಯವರು, ಎತ್ತರದಲ್ಲೂ ಹಳಬರನ್ನು ಮೀರಿಸಿದವರು.

ವಾಪಸ್ ಬರುವ ಮೊದಲು ಒಂದು ಭಾನುವಾರ ನಾನು ಫೂಲಿಂಗ್‌ಗೆ ಹೋದೆ. ಹೆಸ್ಲರ್ ದೋಣಿಯಲ್ಲಿ ಬಂದಿದ್ದ ಊರಿಗೆ ಈಗ ಚೋಂಗ್‌ಚಿಂಗ್‌ನಿಂದ ವೇಗದ ರೈಲು ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ಹಸಿರು ನೀರಿನ ವೂ ನದಿ ಕಂದು ಬಣ್ಣದ ಯಾಂಗ್ತ್ಸೆಗೆ ಸೇರುವುದನ್ನು ನೋಡಿದೆ. ಕೆಳಗೆ ತ್ರೀ ಗಾರ್ಜಸ್ ಅಣೆಕಟ್ಟು ಕಟ್ಟಿ, 2003ರಿಂದ ನೀರು ನಿಲ್ಲಿಸಿದರು. 2010ರಲ್ಲಿ ನೀರು 175 ಮೀಟರ್ ಮಟ್ಟ ಮುಟ್ಟಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಹೆಸ್ಲರ್ ನಡೆದಾಡಿದ ನದಿ ದಂಡೆಯ ಫೂಲಿಂಗ್ ಈಗ ಇಲ್ಲ.

ಮುಳುಗಡೆ ಎಂದರೆ ಏನೆಂದು ಈ ಸಭೆಗೆ ಯಾರೂ ವಿವರಿಸಬೇಕಾಗಿಲ್ಲ. ನಾನು ಎಂಟನೆಯ ತರಗತಿ ಕಲಿತದ್ದು ಹಳೆಯ ಊರಿನ ಶಾಲೆಯಲ್ಲಿ, ಒಂಬತ್ತನೆಯದು ಈ ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿನಲ್ಲಿ. ಹಳೆಯ ಶಾಲೆ ಆಲಮಟ್ಟಿ ಹಿನ್ನೀರಿನ ಅಡಿ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಧ್ವಜದ ಕಟ್ಟೆ ಮಾತ್ರ ಕಾಣುತ್ತದೆ.

ಫೂಲಿಂಗ್‌ನಲ್ಲೂ ನದಿಯ ನಡುವೆ ಒಂದು ಬಂಡೆಯ ಸಾಲು ಇತ್ತು. ಅದರ ಹೆಸರು ಬಿಳಿ ಕೊಕ್ಕರೆಯ ದಿಬ್ಬ. ಚಳಿಗಾಲದಲ್ಲಿ ನೀರು ತೀರಾ ಇಳಿದಾಗ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಕಲ್ಲಿನ ಮೀನುಗಳನ್ನು ಕೆತ್ತಿದ್ದಾರೆ. ಮೀನು ಕಂಡ ವರ್ಷ ಸುಗ್ಗಿ ಚೆನ್ನಾಗಿ ಆಗುತ್ತದೆ ಎಂದು ಜನರ ನಂಬಿಕೆ. ಮೀನಿನಿಂದ ನೀರು ಎಷ್ಟು ಕೆಳಗಿದೆ ಎಂದು ನೋಡಿ, ಆ ವರ್ಷವನ್ನು ಕಲ್ಲಿನ ಮೇಲೆ ಬರೆದಿಡುತ್ತಿದ್ದರು. ಕ್ರಿ.ಶ. 763ರಿಂದ ಹೀಗೆ ಬರೆಯುತ್ತಾ ಬಂದಿದ್ದಾರೆ. ಅಣೆಕಟ್ಟಿನಿಂದ ಅದು ಶಾಶ್ವತವಾಗಿ ಮುಳುಗುವುದಿತ್ತು. ಆಗ ಎಂಜಿನಿಯರುಗಳು ನದಿಯ ತಳದಲ್ಲೇ ಅದರ ಮೇಲೆ ಕಮಾನಿನಂಥ ಚಿಪ್ಪು ಕಟ್ಟಿ, ಒಳಗೆ ಶುದ್ಧ ಮಾಡಿದ ನದಿ ನೀರನ್ನೇ ತುಂಬಿದರು. ಒಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾದ್ದರಿಂದ ಚಿಪ್ಪು ಒಡೆಯುವುದಿಲ್ಲ. ಒಂಬತ್ತನೆಯ ತರಗತಿಯ ವಿಜ್ಞಾನ ಇಷ್ಟು ದೊಡ್ಡ ಕೆಲಸ ಮಾಡಿದೆ! 2009ರಿಂದ ಅದು ವಸ್ತು ಸಂಗ್ರಹಾಲಯ. ಎಸ್ಕಲೇಟರಿನಲ್ಲಿ ಇಳಿದು, ಸುಮಾರು ನಲವತ್ತು ಮೀಟರ್ ನೀರಿನ ಕೆಳಗೆ ನಿಂತು, ಗಾಜಿನ ಕಿಂಡಿಯಿಂದ ನೋಡಬಹುದು. ನಾನು ನೋಡಿದೆ. ಮಬ್ಬು ನೀರಿನೊಳಗೆ ಅಕ್ಷರಗಳು ಕಂಡವು. ನನಗೆ ನಮ್ಮ ಧ್ವಜದ ಕಟ್ಟೆ ನೆನಪಾಯಿತು.

ನಮ್ಮ ಶಾಲೆಗೆ ಚಿಪ್ಪು ಕಟ್ಟುವ ಹಣ ಯಾರೂ ಕೊಡುವುದಿಲ್ಲ. ಆದರೆ ಬರೆದಿಡಲು ಹಣ ಬೇಕಾಗಿಲ್ಲ. ಹಳೆಯ ಊರು ಬಿಡುವಾಗ ಎಷ್ಟೋ ಹಾಜರಿ ಪುಸ್ತಕ ಕಳೆದವು. 1974ರ ಮೊದಲ ಬ್ಯಾಚಿನಲ್ಲಿ ಯಾರಿದ್ದರು, ಯಾವ ಗುರುಗಳು ಎಷ್ಟು ವರ್ಷ ಇದ್ದರು, ಪೂರ್ಣ ಪಟ್ಟಿ ಇಲ್ಲ. ಇಲ್ಲಿ ಕೂತ ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಹಳೆಯ ವಿದ್ಯಾರ್ಥಿಗಳ ಪರವಾಗಿ ನಾನು ಈ ಕೆಲಸ ವಹಿಸಿಕೊಳ್ಳುತ್ತೇನೆ. ಪ್ರತಿ ಬ್ಯಾಚಿನಿಂದ ಒಬ್ಬರು ಕೈ ಜೋಡಿಸಿ. ಹೆಸರು, ಫೋಟೊ, ನೆನಪು, ಏನಿದ್ದರೂ ಕೊಡಿ. ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ನಾಳೆ ಕಾಲೇಜಿಗೆ ಹೋದಾಗ ನಿಮ್ಮ ಇಂಗ್ಲಿಷ್ ಕೇಳಿ ಯಾರೋ ನಗುತ್ತಾರೆ. ನಗಲಿ. ಸ್ವಲ್ಪ ದಿನ ಹೊ ವೇ ಆಗಿರಿ. ದಡ್ಡನಾಗಲು ಒಪ್ಪದವನು ಹೊಸ ಭಾಷೆ ಕಲಿಯಲಾರ. ಯಾರಾದರೂ ತಪ್ಪು ತಿದ್ದಿದರೆ, ಅವರು ನಿಮಗಾಗಿ ಸಮಯ ಕೊಟ್ಟಿದ್ದಾರೆ ಎಂದು ತಿಳಿಯಿರಿ.

ನನ್ನ ಬ್ಯಾಚಿನವರಿಗೆ ಇನ್ನೊಂದು ಮಾತು. ನಮಗೆ ಕಲಿಸಿದ ಗುರುಗಳಲ್ಲಿ ನಾಲ್ವರು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಊಟಕ್ಕೆ ಹೋಗುವ ಮೊದಲು ಹೋಗಿ ಮಾತಾಡಿಸಿ. ನಾನು ತಡ ಮಾಡಿದೆ, ನೀವು ಮಾಡಬೇಡಿ.

ಆ ಕೆಂಪು ಮಸಿಯ ಪತ್ರ ಇವತ್ತು ನನ್ನ ಜೇಬಿನಲ್ಲಿದೆ. ಇದನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡುತ್ತಿದ್ದೇನೆ. ನನ್ನ ಹನ್ನೊಂದು ತಪ್ಪುಗಳನ್ನು ಮಕ್ಕಳು ನೋಡಲಿ, ಗುರುಗಳ ಅಕ್ಷರವನ್ನೂ ನೋಡಲಿ.