ನೆಲೆಯಿಲ್ಲದ ಮಕ್ಕಳೂ ಪಾಠಶಾಲೆಯೂ

ಮಗುವನ್ನು ಪಾಠಶಾಲೆಗೆ ಸೇರಿಸಲು ಹೋದಾಗ ಮೊದಲು ಕೇಳುವುದು ಹೆಸರನ್ನು, ಆಮೇಲೆ ವಿಳಾಸವನ್ನು. ಹೆಸರನ್ನು ಎಲ್ಲ ಮಕ್ಕಳೂ ಹೇಳಬಲ್ಲರು. ವಿಳಾಸವನ್ನು ಹೇಳಲಾರದ ಮಕ್ಕಳೂ ನಮ್ಮ ನಗರಗಳಲ್ಲಿದ್ದಾರೆ. ಈ ಹೊತ್ತು ನಾವು ಆಲೋಚಿಸಬೇಕೆಂದಿರುವುದು ಅವರ ವಿಚಾರವನ್ನು.

2011ರ ಜನಗಣತಿಯಲ್ಲಿ ಭಾರತದೊಳಗೆ ಮನೆಯಿಲ್ಲದವರೆಂದು ಎಣಿಕೆಗೆ ಬಂದವರು ಸುಮಾರು 17.7 ಲಕ್ಷ ಮಂದಿ. ರಸ್ತೆಯ ಬದಿ, ರೈಲು ನಿಲ್ದಾಣ, ಮೇಲುಸೇತುವೆಯ ಅಡಿ, ದೇವಾಲಯದ ಮಂಟಪ, ಇಂಥ ಕಡೆಗಳಲ್ಲಿ ಮಲಗುವವರು ಇವರು. ಕಟ್ಟಡದ ಕೆಲಸ ನಡೆಯುವಲ್ಲಿ ತಗಡಿನ ಗುಡಿಸಿಲು ಹಾಕಿಕೊಂಡು, ಕೆಲಸ ಮುಗಿದೊಡನೆ ಕಿತ್ತುಕೊಂಡು ಹೋಗುವ ಸಂಸಾರಗಳು ಈ ಎಣಿಕೆಗೆ ಸುಲಭವಾಗಿ ಸಿಕ್ಕುವುವಲ್ಲ. ಅವರಿಗೆ ಸೂರುಂಟು, ನೆಲೆಯಿಲ್ಲ. ವಾರಾನ್ನದಿಂದ ಓದಿ ಮೇಲೆ ಬಂದವರ ಕಥೆಗಳನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುವೆವಷ್ಟೆ. ಆ ಹುಡುಗರಿಗಾದರೋ ಹಿಂದೆ ಒಂದು ಊರು, ಮುಂದೆ ಏಳು ಮನೆಗಳು ಇದ್ದುವು.

ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಬರುವವರ ವರ್ಷವನ್ನು ನೋಡೋಣ. ಮಳೆ ಬಿದ್ದಾಗ ಊರಿನಲ್ಲಿ ಬಿತ್ತನೆ. ಕೊಯ್ಲಾದ ಮೇಲೆ ಅನೇಕರಿಗೆ ಪಟ್ಟಣವೇ ಗತಿ. ಪಾಠಶಾಲೆಯ ವರ್ಷವೂ ಮುಂಗಾರಿನೊಡನೆಯೇ ಆರಂಭ. ಆದಕಾರಣ ಹುಡುಗನ ಹೆಸರು ಹಳ್ಳಿಯ ಹಾಜರಿ ಪುಸ್ತಕದಲ್ಲಿ, ಹುಡುಗ ಬೆಂಗಳೂರಿನ ಮರಳಿನ ಗುಡ್ಡೆಯ ಮೇಲೆ. ಪಾಠವೂ ಇಲ್ಲ, ಪಾಠಶಾಲೆಯ ಬಿಸಿಯೂಟವೂ ಇಲ್ಲ.

ಹಾಗಾದರೆ ನಡುವರ್ಷದಲ್ಲಿ ಇಲ್ಲಿಯೇ ಸೇರಿಸಬಹುದಲ್ಲವೆ? ಧಾರಾಳವಾಗಿ ಸೇರಿಸಬಹುದು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನು ಈ ವಿಷಯದಲ್ಲಿ ಬಹು ಸ್ಪಷ್ಟವಾಗಿದೆ. ಆರರಿಂದ ಹದಿನಾಲ್ಕು ವರ್ಷದವರೆಗಿನ ಮಗುವಿಗೆ, ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಗಡುವು ಕಳೆಯಿತೆಂದೂ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ಬರುವುದು ತಡವಾದರೆ ಅದೂ ಕಾರಣವಾಗದು. ಪತ್ರ ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರೇ ಶಿಸ್ತಿನ ಕ್ರಮಕ್ಕೆ ಗುರಿಯಾಗತಕ್ಕವರು. ವಲಸೆ ಬಂದ ಸಂಸಾರಗಳ ಮಕ್ಕಳ ಪ್ರವೇಶವನ್ನು ನೋಡಿಕೊಳ್ಳುವ ಹೊಣೆ ಸ್ಥಳೀಯ ಸಂಸ್ಥೆಯದು. ಇಷ್ಟೆಲ್ಲ ಬರೆದಿದ್ದರೂ, ಈ ಮಾತು ತನಗಾಗಿ ಬರೆದದ್ದೆಂದು ಆ ತಾಯಿಗೆ ಹೇಳುವವರು ಯಾರು? ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ನಿಲ್ಲುವವಳು ಕಛೇರಿಯ ಹೊತ್ತಿಗೆ ಬಂದು ಕೇಳುವುದೆಂತು?

ಈ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಂಡುಕೊಂಡ ಉತ್ತರವು ನಾವು ತಿಳಿಯತಕ್ಕದ್ದು. ಅಲ್ಲಿ 1987ರಲ್ಲಿ ಆರಂಭವಾಗಿ, ಈಗ ಮೆಕಿನ್ನಿ–ವೆಂಟೊ ಎಂಬ ಇಬ್ಬರು ಶಾಸನಸಭಾ ಸದಸ್ಯರ ಹೆಸರಿನಿಂದ ಪ್ರಸಿದ್ಧವಾಗಿರುವ ಕಾನೂನೊಂದುಂಟು. ಅದರಂತೆ ಪ್ರತಿಯೊಂದು ಶಾಲಾ ಜಿಲ್ಲೆಯಲ್ಲಿಯೂ ಇಂಥ ಮಕ್ಕಳನ್ನು ಹುಡುಕಿ ಗುರುತಿಸುವುದಕ್ಕೆಂದೇ ಒಬ್ಬ ಅಧಿಕಾರಿ ಇರಬೇಕು. ಮನೆ ಕಳೆದುಕೊಂಡು ಬಂಧುಗಳ ಮನೆಯಲ್ಲಿ ಇಕ್ಕಟ್ಟಾಗಿ ತಂಗಿರುವ ಮಗುವೂ ನೆಲೆಯಿಲ್ಲದ ಮಗುವೇ. ಎಲ್ಲಕ್ಕಿಂತ ಹೆಚ್ಚಿನ ಮಾತೆಂದರೆ, ಸಂಸಾರವು ಬೇರೆ ಕಡೆಗೆ ಸರಿದರೂ ಮಗುವಿನ ಹಿತಕ್ಕೆ ಒಪ್ಪುವುದಾದರೆ ಅದು ಹಳೆಯ ಶಾಲೆಯಲ್ಲಿಯೇ ಉಳಿಯಬಹುದು. ಹೋಗಿಬರುವ ವಾಹನದ ಏರ್ಪಾಡು ಶಾಲೆಯವರ ಹೊಣೆ. ಮನೆ ಚಲಿಸಿದರೂ ಗುರುಗಳೂ ಗೆಳೆಯರೂ ಚಲಿಸುವುದಿಲ್ಲ.

ರಾಯಚೂರಿನಿಂದ ಬೆಂಗಳೂರಿಗೆ ಯಾವ ವಾಹನವೂ ಮಗುವನ್ನು ದಿನವೂ ಒಯ್ದು ತರಲಾರದೆಂಬುದು ದಿಟ. ಅದಕ್ಕಾಗಿಯೇ ನಮ್ಮಲ್ಲಿ, ತಂದೆತಾಯಿಗಳು ಗುಳೆ ಹೋದಾಗ ಮಕ್ಕಳು ಊರಿನಲ್ಲಿಯೇ ನಿಂತು ಓದಲೆಂದು ಋತುಮಾನದ ವಸತಿನಿಲಯಗಳನ್ನೂ, ವಲಸೆಗಾರರು ಬೀಡುಬಿಟ್ಟಲ್ಲಿ ಟೆಂಟು ಶಾಲೆಗಳನ್ನೂ ಏರ್ಪಡಿಸಿದ್ದುಂಟು. ವಸತಿನಿಲಯ ಒಳ್ಳೆಯದೇ, ಆದರೆ ಏಳು ವರ್ಷದ ಕೂಸನ್ನು ಬಿಟ್ಟುಹೋಗೆಂದು ತಾಯಿಗೆ ಹೇಳಲು ನಮಗೆ ನಾಲಿಗೆ ಏಳದು. ಮಕ್ಕಳು ಜೊತೆಗೇ ಬರುತ್ತಾರೆಂದು ಭಾವಿಸಿಕೊಂಡೇ ನಗರವು ಸಿದ್ಧವಾಗಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಹಾಗೆ ಬಂದ ಮಕ್ಕಳಲ್ಲಿ ದೊಡ್ಡ ಹುಡುಗಿಯ ಕಂಕುಳಲ್ಲಿ ಅನೇಕ ವೇಳೆ ತಮ್ಮನೋ ತಂಗಿಯೋ ಇರುತ್ತದೆ. ಪ್ರವೇಶದ ಹಕ್ಕು ಅವಳಿಗೂ ಉಂಟು. ಕೂಸನ್ನು ಇಳಿಸಲು ತಾವಿಲ್ಲ. ಐವತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು ದುಡಿಯುವ ಕಟ್ಟಡದ ಸ್ಥಳದಲ್ಲಿ ಶಿಶುಗಳಿಗೆ ಕೊಠಡಿ ಇರಬೇಕೆಂದು 1996ರ ಕಾನೂನು ವಿಧಿಸಿತ್ತು. ಬೀದಿಬೀದಿಯಲ್ಲಿ ಏಳುತ್ತಿರುವ ಮೂರು ನಾಲ್ಕು ಅಂತಸ್ತಿನ ಮನೆಗಳಲ್ಲಿ ಐವತ್ತು ಮಂದಿ ಎಲ್ಲಿಂದ ಬರಬೇಕು? ಅಂಥ ಕಡೆ ಅಕ್ಕನೇ ಶಿಶುವಿಹಾರ.